ತಂತಿಗೂ ಒಬ್ಬ ನೀರುಗಂಟಿ



ಕೆರೆಯ ಕೆಳಗೆ ಗದ್ದೆ ಮಾಡಿದವರಿಗೆ ಈ ಮಾತನ್ನು ಹೊಸದಾಗಿ ಹೇಳಬೇಕಾದ್ದಿಲ್ಲ. ತೂಬಿನ ಹತ್ತಿರದ ಗದ್ದೆಯವನಿಗೆ ನೀರಿನ ಚಿಂತೆ ಇಲ್ಲ. ಕಾಲುವೆಯ ಕೊನೆಯವನಿಗೆ ನಿದ್ದೆ ಇಲ್ಲ. ಕೆರೆ ತುಂಬಿ ಕೋಡಿ ಬಿದ್ದಿದ್ದರೂ ಸರಿಯೆ, ನಡುವೆ ಹತ್ತು ಜನ ಒಟ್ಟಿಗೆ ಕಾಲುವೆ ಕಡಿದುಕೊಂಡರೆ ಕೊನೆಯ ಗದ್ದೆಯ ಮಣ್ಣು ಒದ್ದೆಯಾಗುವಷ್ಟೂ ನೀರು ಹೋಗುವುದಿಲ್ಲ. ಅದಕ್ಕಾಗಿಯೇ ನಮ್ಮ ಹಿರಿಯರು ನೀರುಗಂಟಿ ಎಂಬವನೊಬ್ಬನನ್ನು ಇಟ್ಟುಕೊಂಡಿದ್ದರು. ಯಾವ ಗದ್ದೆಗೆ ಎಷ್ಟು ಹೊತ್ತು, ಯಾರದು ಮೊದಲು, ಯಾರದು ಆಮೇಲೆ, ಎಲ್ಲಿ ಏರಿ ಸೋರುತ್ತಿದೆ, ಇದೆಲ್ಲ ಅವನಿಗೆ ಗೊತ್ತು. ಕೆರೆಯಲ್ಲಿ ಒಂದು ಹನಿಯನ್ನೂ ಅವನು ಹೆಚ್ಚಿಸುತ್ತಿರಲಿಲ್ಲ. ಇದ್ದುದನ್ನು ಕೊನೆಯ ಗದ್ದೆಯ ತನಕ ಮುಟ್ಟಿಸುತ್ತಿದ್ದ, ಅಷ್ಟೇ.

ಇವತ್ತು ನಾವು ಮಾತಾಡತಕ್ಕದ್ದು ಕರೆಂಟಿನ ವಿಚಾರ. ಕರೆಂಟಿನ ತಂತಿಯೂ ಒಂದು ಕಾಲುವೆಯೇ. ಅದಕ್ಕೂ ಮೇಲಿನವರು, ಕೊನೆಯವರು ಎಂಬುದುಂಟು. ಆದರೆ ಬಹುಕಾಲ ಅದಕ್ಕೆ ನೀರುಗಂಟಿ ಇರಲಿಲ್ಲ. ಈಗೀಗ ‘ಸ್ಮಾರ್ಟ್ ಗ್ರಿಡ್’ ಎಂಬ ಮಾತು ಪತ್ರಿಕೆಗಳಲ್ಲಿ ಬರುತ್ತಿದೆಯಲ್ಲ, ಅದು ಬೇರೇನೂ ಅಲ್ಲ, ತಂತಿಗೆ ನೀರುಗಂಟಿಯನ್ನು ನೇಮಿಸುವ ಕೆಲಸ. ಅದರಿಂದ ನಮ್ಮ ಪಂಪುಸೆಟ್ಟಿಗೆ ಆಗುವುದೇನು, ಆಗದೆ ಇರುವುದೇನು ಎಂಬುದನ್ನು ನೋಡೋಣ.

ಮೊದಲು ನಮ್ಮೂರಲ್ಲೇ ಆದ ಒಂದು ಸಂಗತಿ ಹೇಳಿಬಿಡುತ್ತೇನೆ. ನಮ್ಮ ಹೊಲಗಳ ನಡುವೆ 63 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್ ಒಂದಿದೆ. ನಾವೆಲ್ಲ ಅದನ್ನು ಟಿ.ಸಿ. ಅಂತಲೇ ಕರೆಯುವುದು. 5 ಎಚ್.ಪಿ. ಪಂಪಾದರೆ ಹತ್ತನ್ನು ಅದು ಹೊರಬಲ್ಲದು. ವರ್ಷ ಹೋದ ಹಾಗೆ ಬೋರುಗಳು ಹೆಚ್ಚಿದವು, ಹದಿನೇಳು ಪಂಪು ಅದರ ಮೇಲೆ ಬಿದ್ದವು. ಫ್ಯೂಸು ಪದೇ ಪದೇ ಹೋಗುತ್ತಿತ್ತು. ಹೋಗಲಿ ಅಂತ ಬಿಡದೆ ಯಾರೋ ಒಬ್ಬರು ದಪ್ಪ ತಂತಿಯನ್ನು ಫ್ಯೂಸಿನ ಜಾಗಕ್ಕೆ ಸುತ್ತಿದರು. ಯಾರು ಎಂದು ಎಲ್ಲರಿಗೂ ಗೊತ್ತು, ಯಾರೂ ಬೇಡ ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಫ್ಯೂಸು ಹೋಗುವುದು ನಿಂತಿತು. ಬೇಸಗೆಯ ಒಂದು ರಾತ್ರಿ ಟಿ.ಸಿ.ಯೇ ಹೋಯಿತು. ಬೇರೆಯದು ಬರುವ ಹೊತ್ತಿಗೆ ಒಂಬತ್ತು ದಿನ. ನಮ್ಮಣ್ಣನ ಮುಸುಕಿನ ಜೋಳ ಆಗತಾನೆ ತೆನೆ ಕಟ್ಟುತ್ತಿತ್ತು. ಆ ಹೊತ್ತಿಗೆ ನೀರು ತಪ್ಪಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೆ? ತೆನೆಯೇನೋ ಬಂದವು, ಸುಲಿದರೆ ಅರ್ಧಕ್ಕೆ ಕಾಳೇ ಇಲ್ಲ.

ಆಗ ನಮ್ಮಣ್ಣ ಕೇಳಿದ ಪ್ರಶ್ನೆ ಇದು: “ದೇಶದಲ್ಲಿ ಕರೆಂಟಿಗೆ ಬರ ಇಲ್ಲ ಅಂತಾರೆ, ನಮ್ಮ ಮೋಟಾರಿಗೆ ಯಾಕಪ್ಪ ಹೀಗೆ?” ಪ್ರಶ್ನೆ ಸರಿಯಾದದ್ದೇ. ಬರ ಕೆರೆಯಲ್ಲಿ ಅಲ್ಲ, ಕಾಲುವೆಯಲ್ಲಿ.

ಕಾಲುವೆಯ ದಾರಿಯನ್ನು ಸ್ವಲ್ಪ ಹಿಡಿದು ನಡೆಯೋಣ. ನಮ್ಮ ನಾಡಿಗೆ ಇದು ನೂರಿಪ್ಪತ್ತು ವರ್ಷಕ್ಕೂ ಹಿಂದಿನ ದಾರಿ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುಚ್ಛಕ್ತಿ ತೆಗೆದು, 1902ರಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಸಾಗಿಸಿದರು. ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಹಳ್ಳಿಯ ಬಾವಿಯ ತನಕ ತಂತಿ ಬರಲು ಇನ್ನೂ ಬಹಳ ವರ್ಷ ಹಿಡಿಯಿತು.

ಇವತ್ತು ಕರೆಂಟು ಹುಟ್ಟಿದ ಕಡೆಯಿಂದ ಲಕ್ಷಗಟ್ಟಲೆ ವೋಲ್ಟಿನಲ್ಲಿ ಹೊರಟು, ದೊಡ್ಡ ಉಪಕೇಂದ್ರಗಳಲ್ಲಿ ಇಳಿಯುತ್ತಾ ಇಳಿಯುತ್ತಾ 11,000 ವೋಲ್ಟಿಗೆ ಬಂದು, ಫೀಡರ್ ಎಂಬ ಲೈನಿನಲ್ಲಿ ನಮ್ಮ ಹೊಲಗಳ ಕಡೆಗೆ ಹೊರಡುತ್ತದೆ. ಟಿ.ಸಿ.ಯಲ್ಲಿ ಅದು ಇನ್ನೂ ಇಳಿದು ಮೂರು ಫೇಸಿಗೆ 415 ವೋಲ್ಟು, ಮನೆಯ ದೀಪಕ್ಕೆ 230 ವೋಲ್ಟು ಆಗುತ್ತದೆ. ದೊಡ್ಡ ಲೈನು ಎಂದರೆ ನಾಲೆ. ಫೀಡರು ವಿತರಣಾ ಕಾಲುವೆ. ಟಿ.ಸಿ.ಯಿಂದ ಮುಂದಿನದು ಹೊಲಗಾಲುವೆ. ನೀರು ಸೋರಿ ಹೋಗುವುದು ಹೆಚ್ಚಾಗಿ ಈ ಹೊಲಗಾಲುವೆಯಲ್ಲೇ ಎಂಬುದನ್ನು ನೆನಪಿಟ್ಟುಕೊಳ್ಳಿ.

ತಂತಿಯಲ್ಲಿ ಸೋರುವುದು ಅಂದರೇನು? ತಂತಿಯ ಮೂಲಕ ಪ್ರವಾಹ ಹರಿದಾಗ ತಂತಿ ಬಿಸಿಯಾಗುತ್ತದೆ. ಆ ಬಿಸಿಗೆ ಹೋದ ಶಕ್ತಿ ಯಾರಿಗೂ ಸಿಗದು. ಇದರಲ್ಲಿ ಒಂದು ಲೆಕ್ಕವಿದೆ, ಸ್ವಲ್ಪ ಗಮನ ಕೊಟ್ಟು ಓದಿ. ಪ್ರವಾಹ ಎರಡರಷ್ಟಾದರೆ ನಷ್ಟ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಮೂರರಷ್ಟಾದರೆ ಒಂಬತ್ತರಷ್ಟು. ಎಲ್ಲ ಸಂಶೋಧನೆಗೂ ಬೇರು ಇದೇ.

ಇಂಜಿನಿಯರುಗಳು ತಂತಿಗಳಿಗೆ ಪ್ರಾಣಿಗಳ ಹೆಸರಿಟ್ಟಿದ್ದಾರೆ, ನಿಮಗೆ ಗೊತ್ತೆ? ಸಣ್ಣದಕ್ಕೆ ಸ್ಕ್ವಿರಲ್, ಅಂದರೆ ಅಳಿಲು. ಅದಕ್ಕಿಂತ ದಪ್ಪದ್ದು ವೀಸೆಲ್, ಅದಕ್ಕೂ ದಪ್ಪದ್ದು ರ್‍ಯಾಬಿಟ್, ಅಂದರೆ ಮೊಲ. ಒಂದು ಕಿಲೋಮೀಟರ್ ಉದ್ದದ ಮೊಲದ ತಂತಿಯ ಕೊನೆಯಲ್ಲಿ ಎಂಟು ಪಂಪುಗಳಿವೆ ಎನ್ನೋಣ. 5 ಎಚ್.ಪಿ. ಮೋಟಾರು ಸುಮಾರು 8 ಆಂಪಿಯರ್ ಎಳೆಯುತ್ತದೆ. ಎಂಟೂ ಒಟ್ಟಿಗೆ ತಿರುಗಿದರೆ ಅರವತ್ತು ಆಂಪಿಯರಿನ ಮೇಲೆ. ಆಗ ಮೂರು ತಂತಿಗಳಲ್ಲಿ ಸೇರಿ ಸುಮಾರು 6 ಕಿಲೋವ್ಯಾಟ್ ಬರೀ ಬಿಸಿಗೆ ಹೋಗುತ್ತದೆ. ಅಂದರೆ ಯಾರ ಹೊಲಕ್ಕೂ ನೀರೆತ್ತದ ಒಂಬತ್ತನೆಯ ಪಂಪೊಂದು ಆ ತಂತಿಯ ಮೇಲೆ ಕೂತು ತಿಂದ ಹಾಗೆ. ಅಲ್ಲದೆ 415 ವೋಲ್ಟಿನಲ್ಲಿ 50 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ. ಕೊಟ್ಟ ವೋಲ್ಟೇಜು ಹೇಳಿದ್ದಕ್ಕಿಂತ ನೂರಕ್ಕೆ 6ಕ್ಕಿಂತ ಹೆಚ್ಚು ಏರುಪೇರಾಗಕೂಡದು ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಬರೆದಿತ್ತು. ಇಲ್ಲಿ ಅದರ ಎರಡರಷ್ಟು ಬಿದ್ದಿದೆ.

ಈಗ ಆ ಎಂಟು ಜನ ಒಂದು ಒಪ್ಪಂದಕ್ಕೆ ಬಂದರು ಅನ್ನಿ. ಎಲ್ಲರೂ ಒಟ್ಟಿಗೆ ಮೂರೂವರೆ ಗಂಟೆ ಓಡಿಸುವ ಬದಲು, ನಾಲ್ವರು ಮೊದಲ ಮೂರೂವರೆ ಗಂಟೆ, ಉಳಿದ ನಾಲ್ವರು ಆಮೇಲಿನ ಮೂರೂವರೆ ಗಂಟೆ. ಪ್ರತಿಯೊಬ್ಬನ ಪಂಪೂ ಅಷ್ಟೇ ಹೊತ್ತು ಓಡಿದೆ. ತಂತಿಯಲ್ಲಿ ಪ್ರವಾಹ ಅರ್ಧವಾಯಿತು, ನಷ್ಟ ಕಾಲುಭಾಗವಾಯಿತು, ಹೊತ್ತು ಎರಡರಷ್ಟಾಯಿತು. ಕೂಡಿ ಕಳೆದರೆ ನಷ್ಟ ಅರ್ಧಕ್ಕೆ ಇಳಿಯಿತು. ವೋಲ್ಟೇಜೂ ಚೆನ್ನಾಗಿ ನಿಂತಿತು. ಇದಕ್ಕೆ ಒಂದು ಮೊಳ ತಂತಿಯನ್ನೂ ಹೊಸದಾಗಿ ಎಳೆದಿಲ್ಲ ನೋಡಿ. ನೀರುಗಂಟಿ ಮಾಡುತ್ತಿದ್ದುದು ಇದನ್ನೇ ಅಲ್ಲವೆ?

ವೋಲ್ಟೇಜು ಬಿದ್ದರೆ ಮೋಟಾರಿಗೆ ಏನಾಗುತ್ತದೆ ಎಂಬುದು ಅನುಭವದಿಂದ ನಿಮಗೇ ಗೊತ್ತು. ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. 415 ಬರಬೇಕಾದ ಕಡೆ 300 ಬಂದರೆ ಮೋಟಾರಿನ ಎಳೆತ ಮುಕ್ಕಾಲಾಗುವುದಿಲ್ಲ, ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆದರೆ ಬೋರಿನ ಆಳ ಅರ್ಧವಾಗುವುದಿಲ್ಲವಲ್ಲ! ಹೇಗಾದರೂ ನೀರೆತ್ತಬೇಕಾದ್ದರಿಂದ ಮೋಟಾರು ಇನ್ನೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಹೆಚ್ಚು ಎಳೆದರೆ ವೋಲ್ಟೇಜು ಇನ್ನೂ ಬೀಳುತ್ತದೆ. ಕೊನೆಗೆ ವೈಂಡಿಂಗ್ ಸುಟ್ಟು, ಮೋಟಾರನ್ನು ಮೇಲೆತ್ತಿ, ರಿವೈಂಡಿಂಗ್ ಅಂಗಡಿಯ ಮುಂದೆ ಕೂರುವುದು. ಒಂದು ಫೇಸು ಹೋದಾಗಲೂ ಹೀಗೆಯೇ. ಉಳಿದ ಎರಡರ ಮೇಲೆ ಭಾರ ಬೀಳುತ್ತದೆ. ಸ್ಟಾರ್ಟರಿಗೆ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿದವರು ಇಲ್ಲಿ ಬಚಾವು. ಅದನ್ನು ತೆಗೆದು ಪಕ್ಕಕ್ಕಿಟ್ಟು ನೇರ ಕೊಟ್ಟುಕೊಂಡವರನ್ನೂ ನಾನು ಬಹಳ ನೋಡಿದ್ದೇನೆ.

ಈ ಕಷ್ಟಕ್ಕೆ ಪರಿಹಾರ ಹುಡುಕುವ ಕೆಲಸ ಬಹುಕಾಲದಿಂದ ನಡೆದಿದೆ. ನಮ್ಮ ಬೆಂಗಳೂರಿನಲ್ಲೇ 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ. ಟ್ರಾನ್ಸ್‌ಫಾರ್ಮರು, ತಂತಿ, ಮೀಟರು ಇವನ್ನೆಲ್ಲ ಅಲ್ಲಿ ಪರೀಕ್ಷೆಗೆ ಒಡ್ಡುತ್ತಾರೆ; ಸ್ಮಾರ್ಟ್ ಗ್ರಿಡ್ಡಿನ ಪ್ರಯೋಗಶಾಲೆಯೂ ಅಲ್ಲಿದೆ.

ಹಳ್ಳಿಗಳಿಗೆ ಮುಟ್ಟಿದ ಮೊದಲ ದೊಡ್ಡ ಉಪಾಯವೆಂದರೆ ಫೀಡರುಗಳನ್ನು ಬೇರೆ ಮಾಡಿದ್ದು. ಮುಂಚೆ ಊರಿನ ದೀಪಕ್ಕೂ ಹೊಲದ ಪಂಪಿಗೂ ಒಂದೇ ಫೀಡರು. ಪಂಪಿಗೆ ಕೊಡುವ ಹೊತ್ತು ಮುಗಿದ ಮೇಲೆ ದೀಪಕ್ಕೆಂದು ಒಂದೇ ಫೇಸು ಬಿಡುತ್ತಿದ್ದರು. ನಾವು ಸುಮ್ಮನಿದ್ದೇವೆಯೆ? ಕಂಡೆನ್ಸರ್ ಕಟ್ಟಿ ಆ ಒಂದೇ ಫೇಸಿನಲ್ಲಿ ಮೂರು ಫೇಸಿನ ಮೋಟಾರು ತಿರುಗಿಸಿದೆವು. ಊರಿನ ದೀಪ ಹುಣಸೆಬೀಜದ ಹಾಗೆ ಕೆಂಪಗಾಯಿತು. ಪರೀಕ್ಷೆಗೆ ಓದುವ ಮಕ್ಕಳು ಬುಡ್ಡಿ ಹಚ್ಚಿಕೊಂಡರು. ಗುಜರಾತಿನವರು 2003ರಲ್ಲಿ ಜ್ಯೋತಿಗ್ರಾಮ ಎಂಬ ಯೋಜನೆ ಹಿಡಿದು, ಮೂರು ನಾಲ್ಕು ವರ್ಷಗಳಲ್ಲಿ ರಾಜ್ಯದ ಹಳ್ಳಿಗಳಲ್ಲೆಲ್ಲ ಊರಿನ ಲೈನು ಬೇರೆ, ಪಂಪಿನ ಲೈನು ಬೇರೆ ಮಾಡಿದರು. ಊರಿಗೆ ದಿನವಿಡೀ ಕರೆಂಟು. ಪಂಪಿಗೆ ಗೊತ್ತುಮಾಡಿದ ವೇಳೆಯಲ್ಲಿ ಎಂಟು ಗಂಟೆ ಪೂರ್ತಿ ಮೂರು ಫೇಸು. ನಮ್ಮಲ್ಲಿ ಅದೇ ಮಾದರಿಯಲ್ಲಿ ನಿರಂತರ ಜ್ಯೋತಿ ಬಂತು. ನೀರಿನ ವಿಷಯವಾಗಿ ಬಹಳ ಅಧ್ಯಯನ ಮಾಡಿದ ತುಷಾರ್ ಶಾ ಮತ್ತು ಅವರ ಜೊತೆಯವರು ಗುಜರಾತಿನ ಹಳ್ಳಿಗಳನ್ನು ನೋಡಿ ಬರೆದದ್ದರಲ್ಲಿ ಒಂದು ಮಾತು ನನಗೆ ಮುಖ್ಯವಾಗಿ ಕಂಡಿತು. ಊರಿನವರಿಗೂ ಬಾವಿ ಇದ್ದವರಿಗೂ ಇದರಿಂದ ಅನುಕೂಲವಾಯಿತು. ಆದರೆ ಬಾವಿ ಇಲ್ಲದೆ ಪಕ್ಕದವರಿಂದ ನೀರು ಕೊಂಡು ಬೇಸಾಯ ಮಾಡುತ್ತಿದ್ದ ಬಡವರಿಗೆ ನೀರು ಕಡಿಮೆಯಾಯಿತು, ಬೆಲೆ ಹೆಚ್ಚಾಯಿತು. ತಂತಿಯ ಮೇಲೆ ಮಾಡಿದ ಕೆಲಸ ಯಾರ ಹೊಲದಲ್ಲಿ ಹೋಗಿ ಮುಟ್ಟುತ್ತದೆಂದು ಮುಂಚೆಯೇ ಹೇಳುವುದು ಕಷ್ಟ.

ಎರಡನೆಯ ಉಪಾಯ, ಹೊಲಗಾಲುವೆಯನ್ನೇ ಗಿಡ್ಡ ಮಾಡುವುದು. ಇದನ್ನು ಎಚ್.ವಿ.ಡಿ.ಎಸ್. ಎನ್ನುತ್ತಾರೆ. 63 ಕೆ.ವಿ.ಎ. ಟಿ.ಸಿ. ಪೂರ್ತಿ ಭಾರ ಹೊತ್ತಾಗ ಕೆಳಗಿನ ಲೈನಿನಲ್ಲಿ ಸುಮಾರು 84 ಆಂಪಿಯರ್ ಹರಿಯುತ್ತದೆ. ಅದೇ ಶಕ್ತಿಗೆ ಮೇಲಿನ 11,000 ವೋಲ್ಟಿನ ಲೈನಿನಲ್ಲಿ ಹರಿಯುವುದು ಬರೀ 3.3 ಆಂಪಿಯರ್. ವರ್ಗದ ಲೆಕ್ಕ ಹಾಕಿ ನೋಡಿ: ಒಂದೇ ದಪ್ಪದ ತಂತಿಯಲ್ಲಿ ನಷ್ಟ ಆರು ನೂರು ಪಟ್ಟಿಗಿಂತಲೂ ಕಡಿಮೆ. ಆದುದರಿಂದ ದೊಡ್ಡ ಟಿ.ಸಿ. ಒಂದನ್ನಿಟ್ಟು ಉದ್ದಕ್ಕೆ ಕೆಳಲೈನು ಎಳೆಯುವ ಬದಲು, 11,000 ವೋಲ್ಟನ್ನೇ ಹೊಲದ ಹತ್ತಿರಕ್ಕೆ ತಂದು, 25 ಕೆ.ವಿ.ಎ.ಯ ಸಣ್ಣ ಟಿ.ಸಿ. ಇಟ್ಟು ನಾಲ್ಕು ಪಂಪಿಗೆ ಕೊಡುವುದು. ನಾಲ್ಕೇ ಮನೆಯವರದ್ದಾದ್ದರಿಂದ ಅದು ತಮ್ಮದೆಂಬ ಕಾಳಜಿಯೂ ಬರುತ್ತದೆ. ಐದನೆಯವನು ಕೊಕ್ಕೆ ಹಾಕಲು ಬಂದರೆ ನಾಲ್ವರೂ ಕೇಳುತ್ತಾರೆ. ಕೆಟ್ಟರೂ ನಾಲ್ವರದೇ ಕೆಡುತ್ತದೆ, ಹದಿನೇಳು ಜನರದಲ್ಲ. ಇದಕ್ಕೆ ಖರ್ಚು ಹೆಚ್ಚು, ಮತ್ತು ಪ್ರತಿ ಟಿ.ಸಿ.ಯೂ ಯಾರೂ ಪಂಪು ಹಾಕದಿದ್ದಾಗಲೂ ಒಳಗೊಳಗೇ ಸ್ವಲ್ಪ ತಿನ್ನುತ್ತಿರುತ್ತದೆ. ಆದ್ದರಿಂದ ಎಲ್ಲ ಕಡೆಗೂ ಇದೇ ಸರಿ ಎನ್ನುವಂತಿಲ್ಲ. ದೂರದೂರ ಚದರಿದ ಬೋರುಗಳಿರುವ ಕಡೆಗೆ ಮಾತ್ರ ನಿಜವಾಗಿ ಒಳ್ಳೆಯದು.

ಇನ್ನು ಮೂರನೆಯದು ನನಗೆ ಬಹಳ ಹಿಡಿಸಿದ ಸಂಶೋಧನೆ. ಗದ್ದೆಯ ಬಯಲಿನಲ್ಲಿ ಎರಡು ಕಾಲುವೆ ಬಂದು ಕೂಡುವ ಕಡೆ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವುದುಂಟಲ್ಲ, ಹಾಗೆ ಫೀಡರುಗಳ ನಡುವೆಯೂ ತೆರೆದಿಟ್ಟ ಸ್ವಿಚ್ಚುಗಳಿರುತ್ತವೆ. ಒಂದು ಲೈನು ಕೆಟ್ಟಾಗ ಇನ್ನೊಂದರಿಂದ ಕೊಡಲಿಕ್ಕೆಂದು ಇಟ್ಟದ್ದು. ಲೈನು ಕೆಡದಿದ್ದರೂ ಇವುಗಳಲ್ಲಿ ಯಾವುದನ್ನು ಮುಚ್ಚಿ ಯಾವುದನ್ನು ತೆರೆದರೆ ನಷ್ಟ ಕಡಿಮೆಯಾದೀತು ಎಂದು ಲೆಕ್ಕ ಹಾಕುವುದಕ್ಕೆ ಬರನ್ ಮತ್ತು ವು ಎಂಬ ಇಬ್ಬರು 1989ರಲ್ಲಿ ಒಂದು ಮಾದರಿ ಜಾಲವನ್ನು ಕಾಗದದ ಮೇಲೆ ಬರೆದರು. 33 ಕೂಡುಗಂಬಗಳು, 5 ತೆರೆದ ಸ್ವಿಚ್ಚುಗಳು, 3,715 ಕಿಲೋವ್ಯಾಟಿನ ಭಾರ. ಪ್ರಪಂಚದ ಯಾವ ಮೂಲೆಯಲ್ಲಿ ಯಾವ ವಿದ್ಯಾರ್ಥಿ ಈ ವಿಷಯ ಕೈಗೆತ್ತಿಕೊಂಡರೂ ಇವತ್ತಿಗೂ ತನ್ನ ಲೆಕ್ಕವನ್ನು ಆ 33 ಕಂಬಗಳ ಮೇಲೆ ಪರೀಕ್ಷೆ ಮಾಡುತ್ತಾನೆ. ಮೊದಲಿದ್ದ ಹಾಗೆ ಬಿಟ್ಟರೆ ಅದರಲ್ಲಿ ನಷ್ಟ ಸುಮಾರು 203 ಕಿಲೋವ್ಯಾಟ್. ಸ್ವಿಚ್ಚುಗಳನ್ನು ಸರಿಯಾಗಿ ಅದಲುಬದಲು ಮಾಡಿದರೆ ಸುಮಾರು 140. ಮೂರರಲ್ಲಿ ಒಂದು ಪಾಲಿಗೆ ಹತ್ತಿರ ಉಳಿಯಿತು! ಕೊನೆಯ ಕಂಬದ ವೋಲ್ಟೇಜೂ ಮೇಲೆದ್ದಿತು. ನಿಜವಾದ ಊರಿನಲ್ಲಿ ಇದನ್ನು ಮಾಡಬೇಕಾದರೆ ಯಾವ ಲೈನಿನಲ್ಲಿ ಈ ಹೊತ್ತು ಎಷ್ಟು ಹರಿಯುತ್ತಿದೆ ಎಂದು ತಿಳಿದಿರಬೇಕು. ತೊಡಕು ಇರುವುದೇ ಅಲ್ಲಿ. ನಮ್ಮ ಹಳ್ಳಿಯ ಟಿ.ಸಿ.ಯಲ್ಲಿ ಎಷ್ಟು ಹರಿಯುತ್ತಿದೆ ಎಂದು ಅದು ಸುಟ್ಟು ಹೊಗೆ ಬರುವ ತನಕ ಯಾರಿಗೂ ಗೊತ್ತಿರುವುದಿಲ್ಲ.

ಇದನ್ನು ತಿಳಿಯುವ ಏರ್ಪಾಡೇ ಸ್ಮಾರ್ಟ್ ಗ್ರಿಡ್ಡಿನ ಮೊದಲ ಮೆಟ್ಟಿಲು. ಟಿ.ಸಿ.ಗೆ ಒಂದು ಮೀಟರು. ಅದು ವೋಲ್ಟೇಜು, ಆಂಪಿಯರು, ಎಣ್ಣೆಯ ಶಾಖ ಇವನ್ನು ಅಳೆದು ಮೊಬೈಲು ಫೋನಿನ ಹಾಗೆ ಗಾಳಿಯಲ್ಲೇ ಸುದ್ದಿ ಕಳಿಸುತ್ತದೆ. ಉಪಕೇಂದ್ರದಲ್ಲಿ ಕೂತವರು, “ಇಂಥ ಟಿ.ಸಿ.ಗೆ ಭಾರ ಮೀರಿದೆ, ಇಂಥ ಕಂಬದ ಆಚೆಗೆ ಲೈನು ತುಂಡಾಗಿದೆ” ಎಂದು ಪರದೆಯ ಮೇಲೆ ನೋಡುತ್ತಾರೆ. ಮುಂಚೆ ಲೈನ್‌ಮನ್ ಮಳೆಯಲ್ಲಿ ಬ್ಯಾಟರಿ ಹಿಡಿದು ಕಂಬ ಕಂಬ ಹುಡುಕಿಕೊಂಡು ನಡೆಯಬೇಕಾಗಿತ್ತು. ಈಗ ಎರಡು ಕಂಬದ ನಡುವೆ ಎಂದು ಹೇಳಿ ಕಳಿಸಬಹುದು.

ಇದು ಬರೀ ಪಟ್ಟಣದ ಮಾತಲ್ಲ. ಕೇಂದ್ರ ಸರ್ಕಾರ ಪ್ರಯೋಗಕ್ಕೆಂದು ದೇಶದಲ್ಲಿ 14 ಕಡೆ ಯೋಜನೆ ಒಪ್ಪಿದಾಗ ಅದರಲ್ಲಿ ಮೈಸೂರಿನದೂ ಒಂದು. ವಾಣಿವಿಲಾಸ ಮೊಹಲ್ಲಾ ಕಡೆಯ ವಿಭಾಗದಲ್ಲಿ 14 ಫೀಡರು, 473 ಟಿ.ಸಿ., 21,824 ಗ್ರಾಹಕರು ಎಂದು ಯೋಜನೆ ಬರೆದರು. ಅದರಲ್ಲಿ ಮನೆ, ಅಂಗಡಿ, ಕಾರ್ಖಾನೆಗಳ ಜೊತೆಗೆ 512 ನೀರಾವರಿ ಪಂಪುಗಳೂ ಸೇರಿದ್ದವು. 2015ರಲ್ಲಿ ರಾಷ್ಟ್ರೀಯ ಸ್ಮಾರ್ಟ್ ಗ್ರಿಡ್ ಮಿಷನ್ ಎಂಬುದೂ ಆರಂಭವಾಯಿತು.

ಮೀಟರು ಎಂದ ಕೂಡಲೆ ನಿಮ್ಮಲ್ಲಿ ಹಲವರ ಹುಬ್ಬು ಗಂಟಿಕ್ಕಿತು, ನನಗೆ ಗೊತ್ತು. ನಮ್ಮ ರಾಜ್ಯದಲ್ಲಿ 10 ಎಚ್.ಪಿ. ತನಕದ ಪಂಪುಗಳಿಗೆ ಉಚಿತ ವಿದ್ಯುತ್ ಇದೆ. ಮೀಟರು ಬಂದರೆ ನಾಳೆ ಬಿಲ್ಲೂ ಬಂದೀತೆಂಬ ಭಯ. ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳಲಾರೆ. ಆ ತೀರ್ಮಾನ ಇಂಜಿನಿಯರುಗಳ ಕೈಯಲ್ಲಿಲ್ಲ. ಆದರೆ ಎರಡು ಮಾತು ಬೇರೆ ಬೇರೆಯಾಗಿ ನೋಡಬೇಕು. ಟಿ.ಸಿ. ಸುಡದೆ ಕಾಯುವುದಕ್ಕೆ ಪ್ರತಿ ಪಂಪಿಗೂ ಮೀಟರು ಬೇಕಾಗಿಲ್ಲ, ಟಿ.ಸಿ.ಗೆ ಒಂದು ಇದ್ದರೆ ಸಾಕು. ಇನ್ನೊಂದು, ಅಳತೆ ಇಲ್ಲದಿದ್ದಾಗ ಪಂಪುಗಳು ಎಷ್ಟು ಬಳಸಿದವೆಂಬುದು ಅಂದಾಜಿನ ಲೆಕ್ಕವಾಗುತ್ತದೆ. ತಂತಿಯಲ್ಲಿ ಸೋರಿದ್ದು, ಕೊಕ್ಕೆ ಹಾಕಿ ಕದ್ದದ್ದು ಎಲ್ಲವನ್ನೂ “ರೈತರು ಬಳಸಿದರು” ಎಂಬ ಬಾಬಿಗೆ ಬರೆದುಬಿಡುವುದು ಸುಲಭ. ಹಾಗೆ ಆಗುತ್ತದೆಂದು ವಿಷಯ ತಿಳಿದವರು ಬಹಳ ಸಲ ಹೇಳಿದ್ದಾರೆ. ಟಿ.ಸಿ. ಮೀಟರು ಈ ಅಪವಾದದಿಂದ ನಮ್ಮನ್ನೇ ಬಿಡಿಸಬಹುದು. ನನ್ನ ಮಟ್ಟಿಗೆ ಅದು ಒಳ್ಳೆಯ ಸಾಕ್ಷಿ.

ಬಿಸಿಲಿನ ಕರೆಂಟಿನ ವಿಷಯ ಬಿಡುವಂತಿಲ್ಲ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ ಎದ್ದಿತು. ಅದು ದೊಡ್ಡ ಕೆರೆ. ಅಲ್ಲಿಂದ ನಮ್ಮ ಹೊಲಕ್ಕೆ ದಾರಿ ಉದ್ದ. ಕಾಲುವೆಯ ಕೊನೆಯವನಿಗೆ ಹೆಚ್ಚು ಉಪಯೋಗ ತನ್ನ ಹೊಲದಲ್ಲೇ ಹುಟ್ಟುವ ಕರೆಂಟಿನಿಂದ. ಫೀಡರಿನ ಕೊನೆಯಲ್ಲಿ ಹಗಲು ಹೊತ್ತು ಕರೆಂಟು ಹುಟ್ಟಿದರೆ ಉದ್ದ ತಂತಿಯಲ್ಲಿ ಅಷ್ಟು ಪ್ರವಾಹ ಬರಬೇಕಾದ್ದಿಲ್ಲ, ವೋಲ್ಟೇಜು ತಾನೇ ಏಳುತ್ತದೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯ ರೈತ ಯೋಜನೆಯ ಕೆಳಗೆ ಮುನ್ನೂರು ಪಂಪುಗಳಿಗೆ ಸೌರಫಲಕ ಕೊಟ್ಟು, ಮಿಕ್ಕಿದ್ದನ್ನು ಲೈನಿಗೆ ಮಾರುವ ಏರ್ಪಾಡು ಮಾಡಿದರು. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಎಂಬ ಹಳ್ಳಿಯಲ್ಲಿ ಆರು ಜನ ರೈತರು ಸಹಕಾರ ಸಂಘ ಕಟ್ಟಿ 2016ರ ಹೊತ್ತಿಗೆ ಇದೇ ಕೆಲಸ ಮಾಡಿ ತೋರಿಸಿದರು. ಮಿಕ್ಕ ಕರೆಂಟಿಗೆ ಬೆಲೆ ಸಿಗುವುದಾದರೆ ಸುಮ್ಮನೆ ನೀರು ಹರಿಸಿ ಅಂತರ್ಜಲ ಬರಿದುಮಾಡುವ ಆಸೆ ಕಡಿಮೆಯಾದೀತು ಎಂಬುದು ಅದರ ಹಿಂದಿನ ಯೋಚನೆ. ಒಳ್ಳೆ ವೋಲ್ಟೇಜು ಬಂದು ಬೋರು ಬೇಗ ಬತ್ತಿದರೆ ಯಾರಿಗೇನು ಲಾಭ?

ಸೌರಫಲಕ ಹಾಕಿಸಿದವರು ಒಂದು ದೂರು ಹೇಳುವುದುಂಟು: “ಬಿಸಿಲು ಇದೆ, ಲೈನ್ ಹೋದ ಕೂಡಲೆ ನಮ್ಮದೂ ನಿಲ್ಲುತ್ತದೆ, ಇದೆಂಥ ಮೋಸ?” ಮೋಸವಲ್ಲ. ಲೈನಿಗೆ ಜೋಡಿಸಿದ ಇನ್ವರ್ಟರು, ಲೈನು ಸತ್ತರೆ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ನಿಗೆ ನಿಮ್ಮ ಹೊಲದ ಬಿಸಿಲೇ ಯಮನಾಗುತ್ತದೆ.

ಆ ಮಾತು ಬಂದದ್ದರಿಂದ ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಟಿ.ಸಿ.ಯ ಫ್ಯೂಸನ್ನು ತಾವೇ ಹಾಕಲು ಹೋಗಕೂಡದು. ಗ್ಯಾಂಗ್ ಸ್ವಿಚ್ಚು ಎಳೆದ ಮಾತ್ರಕ್ಕೆ ಮೂರೂ ಫೇಸು ಸತ್ತವೆಂದು ತಿಳಿಯಕೂಡದು. ಒಂದು ಕೈ ಅಂಟಿಕೊಂಡೇ ಇರಬಹುದು, ಇಲ್ಲವೆ ಯಾರದೋ ಜನರೇಟರಿನಿಂದ ಹಿಂದಕ್ಕೆ ಬರುತ್ತಿರಬಹುದು. ಬಿದ್ದ ತಂತಿಯ ಹತ್ತಿರ ದನವನ್ನೂ ಬಿಡಬೇಡಿ, ನೀವೂ ಹೋಗಬೇಡಿ. ಒಂದು ಬೆಳೆ ಹೋದರೆ ಇನ್ನೊಂದು ಬೆಳೆ ಇಡಬಹುದು. ಫ್ಯೂಸು ಹಾಕಲು ಹೋದ ಮಗ ಮನೆಗೆ ಬರದಿದ್ದರೆ ಆ ತಾಯಿಗೆ ನಾವು ಹೇಳುವುದೇನು?

ದೊಡ್ಡ ಜಾಲದ ವಿಷಯ ಎರಡೇ ಮಾತು. ದೇಶದ ಎಲ್ಲ ವಿದ್ಯುತ್ ಯಂತ್ರಗಳೂ ಈಗ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಒಂದೇ ಹೆಜ್ಜೆಯಲ್ಲಿ ನಡೆಯುತ್ತವೆ. ಸೆಕೆಂಡಿಗೆ 50 ಸುತ್ತು ಎಂಬುದು ಆ ಹೆಜ್ಜೆ. 2012ರ ಜುಲೈ 30 ಮತ್ತು 31ರಂದು ಉತ್ತರದ ಕಡೆ ಹೆಜ್ಜೆ ತಪ್ಪಿ, ಎರಡನೆಯ ದಿನ 60 ಕೋಟಿ ಜನರಿರುವ ಪ್ರದೇಶಕ್ಕೆ ಕರೆಂಟು ಹೋಯಿತು. ಆಗ ನಮ್ಮ ದಕ್ಷಿಣ ಬೇರೆ ನೊಗದಲ್ಲಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ನಾವೂ ಅದೇ ನೊಗಕ್ಕೆ ಸೇರಿದೆವು. ಹೀಗಾಗಿ ಹಳ್ಳಿಯಲ್ಲಿ ಸಾವಿರಾರು ಪಂಪು ಒಂದೇ ಕ್ಷಣಕ್ಕೆ ಶುರುವಾದರೆ ಆ ಭಾರವನ್ನು ಅಲ್ಲಿ ಕೂತವರೂ ಲೆಕ್ಕಕ್ಕೆ ಹಿಡಿಯಬೇಕು.

ಒಂದೇ ಕ್ಷಣಕ್ಕೆ ಎಂದೆನಲ್ಲ, ಅದಕ್ಕೆ ಕಾರಣ ನಮ್ಮ ಆಟೋ ಸ್ಟಾರ್ಟರು. ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲ, ರಾತ್ರಿ ಎದ್ದು ಹೋಗುವುದು ಯಾರು, ಹಾವು ಚೇಳು, ಆನೆ ಕಾಟ. ಆದ್ದರಿಂದ ಆಟೋ ಹಾಕಿಸಿದ್ದೇವೆ. ತಪ್ಪೇನೂ ಇಲ್ಲ. ಆದರೆ ಮೋಟಾರು ಶುರುವಾಗುವಾಗ ನೇರ ಕೊಟ್ಟರೆ ಓಡುವಾಗಿನದರ ಐದಾರು ಪಟ್ಟು ಎಳೆಯುತ್ತದೆ. ಹತ್ತು ಮೋಟಾರು ಒಟ್ಟಿಗೆ ಎದ್ದರೆ, 84 ಆಂಪಿಯರಿನ ಟಿ.ಸಿ.ಯ ಮೇಲೆ ನಾನೂರು ಐನೂರು ಆಂಪಿಯರ್ ಬಂದು ಬೀಳುತ್ತದೆ. ವೋಲ್ಟೇಜು ಕುಸಿದು ಒಂದೂ ಸರಿಯಾಗಿ ಏಳದೆ ಎಲ್ಲವೂ ಗುಂಯ್‌ಗುಡುತ್ತವೆ. ಸ್ಮಾರ್ಟ್ ಗ್ರಿಡ್ಡಿನ ಪಂಡಿತರು ದೂರದಿಂದಲೇ ಪಂಪುಗಳನ್ನು ಒಂದಾದ ಮೇಲೊಂದು ಎಬ್ಬಿಸುವ ಯಂತ್ರಗಳನ್ನು ಪರೀಕ್ಷಿಸುತ್ತಿದ್ದಾರೆ. ಅದು ನಮ್ಮ ಹೊಲಕ್ಕೆ ಬರುವ ತನಕ ಕಾಯಬೇಕಾಗಿಲ್ಲ. ಬಹುಪಾಲು ಆಟೋ ಸ್ಟಾರ್ಟರುಗಳಲ್ಲಿ ತಡಮಾಡುವ ಒಂದು ಗುಂಡಿ ಇರುತ್ತದೆ. ಒಂದು ಟಿ.ಸಿ.ಯವರು ಒಂದು ಸಂಜೆ ಕಟ್ಟೆಯ ಮೇಲೆ ಕೂತು, “ನಿನ್ನದು ಅರ್ಧ ನಿಮಿಷಕ್ಕೆ, ನನ್ನದು ಒಂದು ನಿಮಿಷಕ್ಕೆ, ಭಾವನದು ಒಂದೂವರೆಗೆ” ಎಂದು ಹಂಚಿಕೊಂಡರೆ ಆಯಿತು. ಮೋಟಾರಿಗೆ ಕೆಪಾಸಿಟರನ್ನೂ ಹಾಕಿಸಿ. 5 ಎಚ್.ಪಿ.ಗೆ 2 ಕೆ.ವಿ.ಎ.ಆರ್. ಸಾಕು. ಎಳೆಯುವ ಪ್ರವಾಹದಲ್ಲಿ ಆರನೆಯ ಒಂದು ಪಾಲು ಕಡಿಮೆಯಾಗುತ್ತದೆ. ವರ್ಗದ ಲೆಕ್ಕ ನೆನಪಿದೆಯಷ್ಟೆ? ತಂತಿಯ ನಷ್ಟ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಇಳಿಯಿತು. ನಮ್ಮೂರಿನ ಹದಿನೇಳು ಜನ ಟಿ.ಸಿ. ಸುಟ್ಟ ಮೇಲೆ ಈ ಎರಡನ್ನೂ ಮಾಡಿದೆವು, ಎರಡನೆಯ ಟಿ.ಸಿ.ಗೂ ಅರ್ಜಿ ಕೊಟ್ಟು ಪಂಪುಗಳನ್ನು ಅರ್ಧರ್ಧ ಮಾಡಿಕೊಂಡೆವು. ನಮ್ಮಣ್ಣನ ಬೋರು ಇವತ್ತಿಗೂ ಲೈನಿನ ಕೊನೆಯಲ್ಲೇ ಇದೆ. ಈ ಬೇಸಗೆ ಅವನ ಮನೆಯ ಹಿಂದೆ ವೋಲ್ಟ್‌ಮೀಟರು 380ಕ್ಕಿಂತ ಕೆಳಗೆ ಇಳಿಯಲಿಲ್ಲ.

ಟಿ.ಸಿ. ಸುಟ್ಟುಹೋದರೆ ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಾಯಿಸಿಕೊಡಬೇಕೆಂದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಮಟ್ಟ ಗೊತ್ತುಮಾಡಿದೆ. ಆ ಗಂಟೆ ಎಣಿಸತೊಡಗುವುದು ದೂರು ದಾಖಲಾದ ಮೇಲೆ. ನಮ್ಮ ಒಂಬತ್ತು ದಿನಗಳಲ್ಲಿ ಮೊದಲೆರಡು ದಿನ, ಯಾರೋ ಹೇಳಿರುತ್ತಾರೆ ಎಂದು ಎಲ್ಲರೂ ಸುಮ್ಮನಿದ್ದುದರಲ್ಲೇ ಕಳೆದವು. ದೂರಿನ ಫೋನು 1912. ಕರೆ ಮಾಡಿದಾಗ ಊರಿನ ಹೆಸರು, ಫೀಡರಿನ ಹೆಸರು, ಟಿ.ಸಿ.ಯ ಸಂಖ್ಯೆ ಕೇಳುತ್ತಾರೆ. ಸಂಖ್ಯೆ ಕಂಬದ ಮೇಲೆಯೇ ಬಣ್ಣದಲ್ಲಿ ಬರೆದಿರುತ್ತದೆ. ನಾಳೆ ಹೊಲಕ್ಕೆ ಹೋದಾಗ ಕೆಳಗೆ ನಿಂತೇ ಅದನ್ನು ಓದಿ ಬರೆದುಕೊಂಡು ಬನ್ನಿ, ಪಂಪುಮನೆಯ ಬಾಗಿಲ ಒಳಗಡೆ ಸೀಮೆಸುಣ್ಣದಲ್ಲಿ ಬರೆದಿಡಿ. ದೂರು ಕೊಟ್ಟಾಗ ಅವರು ಹೇಳುವ ದೂರಿನ ನಂಬರನ್ನೂ ಅದರ ಪಕ್ಕದಲ್ಲಿ, ತಾರೀಕು ಗಂಟೆ ಸಮೇತ.